ಹಸಿರು ಬಣ್ಣದ ಕೆಳಗಿನ ಎಂಟು

ಸಿಂಧನೂರಿನ ಯಂಕೋಬ ಮೇಸ್ತ್ರಿ ಹದಿನೆಂಟು ವರ್ಷ ಮಂದಿಯ ಗಾಡಿಗಳ ಕೆಳಗೆ ಮಲಗಿ ಬೆನ್ನು ಸವೆಸಿದವನು. ೧೯೮೮ರಲ್ಲಿ ಕೊನೆಗೂ ಸ್ವಂತಕ್ಕೊಂದು ಗಾಡಿ ಹಿಡಿದ. ಸರಕಾರಿ ಇಲಾಖೆಯೊಂದು ಹರಾಜಿಗೆ ಹಾಕಿದ್ದ ಹಳೇ ಜೀಪು. ವಯಸ್ಸಿನಲ್ಲಿ ಯಂಕೋಬನಿಗಿಂತ ಎರಡು ವರ್ಷ ದೊಡ್ಡದು. ಎಂಜಿನ್ ಗಟ್ಟಿಮುಟ್ಟಾಗಿತ್ತು, ತಕರಾರು ಒಂದೇ. ಆ ಇಲಾಖೆಯವರಿಗೆ ವರ್ಷಾವರ್ಷ ಬಣ್ಣ ಬರುತ್ತಿತ್ತೋ ಏನೋ, ಗೇಟು, ಗಡಿಕಲ್ಲು, ನೀರಿನ ಡ್ರಮ್ಮು, ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬಳಿದವರು ಎಂಜಿನ್ನನ್ನೂ ಬಿಟ್ಟಿರಲಿಲ್ಲ. ಕಾರ್ಖಾನೆಯವರು ಅದರ ಮೇಲೆ ಒತ್ತಿದ್ದ ನಂಬರು ಹಸಿರು ಬಣ್ಣದಲ್ಲಿ ಮುಳುಗಿಹೋಗಿತ್ತು. ಬಳಿದವನಿಗೆ ಕಣ್ಣಿರಲಿಲ್ಲವೇ ಎಂದು ಕೇಳಬೇಡಿ, ಬ್ರಶ್ಶು ಕೊಟ್ಟವನಿಗೂ ಇರಲಿಲ್ಲ.

ಗುರುವಾರ ಲಿಂಗಸುಗೂರಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರರ ಕ್ಯಾಂಪು. ಅವರು ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜುತ್ತಾರೆ. ಮೂಡಿದ್ದು ಆರ್‌ಸಿ ಪುಸ್ತಕಕ್ಕೆ ಹೊಂದಿದರೆ ಗಾಡಿ ಯಂಕೋಬನ ಹೆಸರಿಗೆ. ಹೊಂದದಿದ್ದರೆ, ಇಲ್ಲವೇ ನಂಬರಿಗೆ ಯಾರೋ ಕೈಹಾಕಿದಂತೆ ಕಂಡರೆ, ಕದ್ದ ಮಾಲೆಂದು ಸೀದಾ ಪೊಲೀಸ್ ಠಾಣೆಗೆ. ಹಿಂದೊಮ್ಮೆ ಯಂಕೋಬ ಗಿರಾಕಿಯೊಬ್ಬನ ಗಾಡಿಯ ನಂಬರನ್ನು ತಂತಿ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿಟ್ಟಿದ್ದ. ಆ ಗಾಡಿ ಠಾಣೆಯ ಬೇವಿನ ಮರದಡಿಯೇ ತುಕ್ಕು ತಿಂದು ಕೂತಿತು.

ಈಗ ಮತ್ತೆ ಅದೇ ಬ್ರಶ್ಶು ಹಿಡಿದದ್ದನ್ನು ಹೆಂಡತಿ ಯಂಕಮ್ಮ ನೋಡಿದಳು.

"ಅದನ್ನ ಕೆಳಗಿಡು. ಮಸ್ಕಿ ಹಸೀನಾಬೀ ಹತ್ರ ಹೋಗು. ನಮ್ಮವ್ವನ ಕೊಡದ ಮ್ಯಾಲೆ ಡಾಂಬರ್ ಬಿದ್ದಾಗ ಹೆಸರಿನ ಒಂದು ಚುಕ್ಕಿ ಕೆಡದಂಗ ತೆಗೆದು ಕೊಟ್ಟಾಳ."

ಹಸೀನಾಬೀ ಮಸ್ಕಿಯ ಬಸ್‌ಸ್ಟ್ಯಾಂಡ್ ಹಿಂದೆ ಪಾತ್ರೆಗಳಿಗೆ ಕಲಾಯಿ ಹಾಕುವವಳು, ಮದುವೆ ಪಾತ್ರೆಗಳ ಮೇಲೆ ಸಣ್ಣ ಉಳಿಯಿಂದ ಹೆಸರು ಹೊಡೆಯುವವಳು. ವಯಸ್ಸು ಅರವತ್ತರ ಹತ್ತಿರ. ಬೋಗೋಣಿ ತಿಕ್ಕುವವಳು ನನಗೆ ಎಂಜಿನ್ ಪಾಠ ಹೇಳಬೇಕೇ ಎಂದು ಯಂಕೋಬನಿಗೆ ಉರಿಯಿತು. ಆದರೂ ಬೇವಿನ ಮರ ನೆನಪಾಗಿ ಮಂಗಳವಾರ ಜೀಪು ಹೊಡೆದುಕೊಂಡು ಮಸ್ಕಿಗೆ ಬಂದ.

ಆಕೆ ಬಣ್ಣದ ಮೇಲೆ ಹೆಬ್ಬೆರಳಾಡಿಸಿದಳು. "ಇದು ಬೀಡು ಕಬ್ಬಿಣ, ಚಿಂತಿ ಇಲ್ಲ. ಬಾಜೂಕ ಇರೋ ಬಿಳಿ ಸಾಮಾನಿಗೆ ಅರಿವಿ ಸುತ್ತು. ನನ್ನ ಮದ್ದು ಜರ್ಮನ್ ಪಾತ್ರಿಗೆ, ಅದೇ ಅಲ್ಯೂಮಿನಿಯಂಗ, ತಾಕಿದ್ರ ತಿಂದುಬಿಡ್ತೈತಿ, ಅದೂ ಅದೇ ಜಾತಿ."

ಯಂಕೋಬ ಕಾರ್ಬುರೇಟರಿಗೆ ಬಟ್ಟೆ ಸುತ್ತಿದ. ಅದು ತನಗೇ ಹೊಳೆದಿರಲಿಲ್ಲ. ಹಸೀನಾಬೀ ಕೈಗೆ ಚಿಂದಿ ಕಟ್ಟಿಕೊಂಡು ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಕಲಸಿ, ನಂಬರಿದ್ದ ಜಾಗಕ್ಕೆ ದಪ್ಪಗೆ ಮೆತ್ತಿ, ಮೇಲೆ ಹಸಿ ಗೋಣಿತಾಟು ಹೊದಿಸಿದಳು. ಒಣಗಲು ಬಿಡದೆ ಆಗಾಗ ನೀರು ಚಿಮುಕಿಸಿದಳು.

ಬುಧವಾರ ಮಧ್ಯಾಹ್ನ ಗೋಣಿ ತೆಗೆದರೆ ಹಸಿರು ಬಣ್ಣ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಚಾಕುವಿಲ್ಲ, ಉಪ್ಪುಕಾಗದವಿಲ್ಲ, ಜೋಳದ ದಂಟಿನ ಸಿಬಿರಿನಿಂದ ಒಂದೊಂದೇ ಅಂಕಿಯ ಸಂದಿ ಬಿಡಿಸಿದಳು. ಎಂಥ ಕೈ ಅದು, ಎಳೆಗೂಸಿನ ಕಿವಿ ತೊಳೆಯುವ ಕೈ. ಯಂಕೋಬ ಬೀಡಿ ಹಚ್ಚುವುದನ್ನೂ ಮರೆತು ನೋಡಿದ.

ಇಂಗ್ಲಿಷ್ ಅಂಕಿಗಳಲ್ಲಿ ಐದು ಪುಸ್ತಕಕ್ಕೆ ಸರಿಹೊಂದಿದವು. ಕೊನೆಯದು ಪುಸ್ತಕದಲ್ಲಿ ಎಂಟು, ಎಂಜಿನ್ ಮೇಲೆ ಮೂರು.

ಯಂಕೋಬ ಪುಸ್ತಕ ಇನ್ನೊಮ್ಮೆ ನೋಡಿದ, ಎಂಟೇ. ಯಾರೋ ಎಂಜಿನ್ನೇ ಬದಲಾಯಿಸಿದ್ದಾರೆ, ಗಾಡಿ ಹೋಯಿತು ಎಂದುಕೊಂಡ. ಆಮೇಲೆ ಆಕೆಯ ಉಳಿಯ ಮೇಲೆ ಕಣ್ಣು ಬಿತ್ತು. ಅದನ್ನು ಎತ್ತಿಕೊಂಡು ಮೆಲ್ಲಗೆ ಹೇಳಿದ, "ಅಮ್ಮಾ, ಎಡಕ್ಕ ಎರಡೇ ಏಟು ಹಾಕು, ಮೂರು ಹೋಗಿ ಎಂಟಾಗ್ತೈತಿ. ನೀ ಹೊಡೆದದ್ದು ಯಾರಿಗೂ ಗೊತ್ತಾಗಂಗಿಲ್ಲ."

"ಕೆಳಗಿಡು ಅದನ್ನ," ಎಂದಳು ಹಸೀನಾಬೀ. "ಕದ್ದ ತಂಬಗಿ ತಂದು ಶೇಖಮ್ಮನ ಹೆಸರು ಅಳಿಸಿ ಗದ್ದೆಮ್ಮ ಅಂತ ಹೊಡಿ ಅಂದವರನ್ನ ಭಾಳ ಮಂದಿ ನೋಡೀನಿ. ಒಬ್ಬರಿಗೂ ಹೊಡೆದುಕೊಟ್ಟಿಲ್ಲ." ಆಮೇಲೆ ಅವನ ಬೆರಳು ಹಿಡಿದು ಮೂರರ ಎಡಕ್ಕೆ ಒತ್ತಿದಳು. "ಏಟು ಬಿದ್ದಲ್ಲಿ ಕಬ್ಬಿಣ ಅಂಚಿಗೆ ಏಳ್ತೈತಿ. ಇಲ್ಲೂ ಎದ್ದೈತಿ ನೋಡು. ಹಸಿರಿನ ತಳದಾಗಿನ ಕೆಂಪು ಬಣ್ಣ ಗೀಟಿನೊಳಗ ಕಲ್ಲಾಗಿ ಕುಂತೈತಿ, ಇನ್ನೊಂದು ಸಲ ಮೆತ್ತಬೇಕು."

"ಹೊತ್ತಿಲ್ಲಮ್ಮ, ನಾಳೆ ಕ್ಯಾಂಪು."

"ಮೆತ್ತಿಕೊಂಡೇ ಹೋಗೋಣು. ಎಂಜಿನ್ ಮಾತ್ರ ಚಾಲೂ ಮಾಡಬ್ಯಾಡ, ಕಾದರ ಮದ್ದು ಒಣಗತೈತಿ."

ಯಂಕೋಬನ ಬೆರಳಿಗೆ ಏನೂ ತಿಳಿದಿರಲಿಲ್ಲ. ಆಕೆಯನ್ನು ನಂಬುವುದೊಂದೇ ಉಳಿದಿತ್ತು, ನಂಬಿದ. ಗುರುವಾರ ಬೆಳಿಗ್ಗೆ ಸಿಂಧನೂರಿನ ನಂಬರ್ ಒನ್ ಮೇಸ್ತ್ರಿಯ ಜೀಪು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಲಿಂಗಸುಗೂರಿಗೆ ಹೊರಟಿತು. ದಾರಿಯ ಚಹಾದಂಗಡಿಯವರು ಬಿಡುತ್ತಾರೆಯೇ? "ಮೇಸ್ತ್ರಿ, ರಿಪೇರಿ ಮಾಡೋರು ಯಾರಾದ್ರು ಬೇಕೇನ್ರೀ?" ಎಂದು ಕೂಗಿ ನಕ್ಕರು. ಯಂಕೋಬ ಸ್ಟೇರಿಂಗ್ ಹಿಡಿದು ಕಿವುಡನಾದ. ಪಕ್ಕದಲ್ಲಿ ಹಸೀನಾಬೀ ನೀರಿನ ಬಿಂದಿಗೆ ತೊಡೆಯ ಮೇಲಿಟ್ಟುಕೊಂಡು ಗಂಭೀರವಾಗಿ ಕುಳಿತಿದ್ದಳು.

ಕ್ಯಾಂಪಿನಲ್ಲಿ ಇನ್‌ಸ್ಪೆಕ್ಟರರ ಎದುರಿಗೇ ಆಕೆ ಗೋಣಿ ತೆಗೆದು, ತೊಳೆದು, ಸಿಬಿರು ಆಡಿಸಿದಳು. ಮೂರರ ಎಡಗಡೆಯಿಂದ ಕೆಂಪು ಬಣ್ಣದ ಒಂದು ಎಸಳು ಎದ್ದು ಬಂತು, ಅದರ ಕೆಳಗಿನಿಂದ ಇನ್ನೊಂದು. ಆಮೇಲೆ ಅಲ್ಲಿದ್ದದ್ದು ದುಂಡಗಿನ ಎಂಟು.

ಇನ್‌ಸ್ಪೆಕ್ಟರರು ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರು, ಪುಸ್ತಕಕ್ಕೆ ಹೊಂದಿಸಿದರು. ಸಂಶಯ ಹೋಗದೆ ಭೂತಗನ್ನಡಿ ಹಿಡಿದು ಆ ಎಂಟನ್ನು ಬಹಳ ಹೊತ್ತು ನೋಡಿದರು.

"ಕಾರ್ಖಾನೆ ಗುರುತು ಇದ್ದಂಗ ಐತಿ. ಒಂದು ಹೊಸ ಏಟು ಕಂಡಿದ್ರೂ ಗಾಡಿ ಠಾಣೆಗೆ ಹೋಗ್ತಿತ್ತು," ಎಂದರು. "ಮೊದಲಿನ ಹಸಿರು ಬಣ್ಣ ತೆಗೆದದ್ದು ಯಾರು, ನೀನೇನು?"

ಯಂಕೋಬ ಆ ಎಂಟನ್ನೇ ನೋಡಿದ. ಇದ್ದ ಎಂಟರ ಮೇಲೆ ತಾನೊಂದು ಎಂಟು ಹೊಡೆಸಲು ನಿಂತಿದ್ದ. ಸಾಚಾ ಗಾಡಿಯನ್ನು ಕೈಯಾರೆ ಕದ್ದ ಗಾಡಿ ಮಾಡುತ್ತಿದ್ದ.

"ಅಲ್ರೀ ಸಾಹೇಬ್ರ, ಈ ಅಮ್ಮ," ಎಂದ, ಸುತ್ತ ನಿಂತ ಮೇಸ್ತ್ರಿಗಳೆಲ್ಲ ಕೇಳುವ ಹಾಗೆ. "ನಾ ನಿನ್ನೆ ಉಳಿ ಹಿಡಿದು ನಿಂತಿದ್ದೆ. ಈಕಿ ಬಿಡಲಿಲ್ಲ. ಇಂಥ ಕೈ ನಾ ಎಲ್ಲೂ ನೋಡಿಲ್ರೀ."

ಇನ್‌ಸ್ಪೆಕ್ಟರರು ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಸಹಿ ಹಾಕಿದರು. ಯಂಕೋಬ ಹಸೀನಾಬೀಯ ಕಾಲು ಮುಟ್ಟಲು ಬಗ್ಗಿದ.

"ಕಾಲು ಬಿಡು," ಎಂದು ಆಕೆ ಹಿಂದೆ ಸರಿದಳು. "ಮೊದ್ಲು ನಂಬರಿಗೆ ಎಣ್ಣಿ ಹಚ್ಚು. ಬರೇ ಕಬ್ಬಿಣ ಐತಿ, ತುಕ್ಕು ಹಿಡಿತೈತಿ."