ಏಜಾಜಣ್ಣ ಹಿಡಿದ ಫೋನು

ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡಿನ ಒಂದು ಕಾಲು ಮಣ್ಣಿನಲ್ಲಿ ಹೂತು ವಾಲುತ್ತಿದೆ, ಗುರಮ್ಮ ಅದರಡಿ ಹಂಚಿನ ಚೂರೊಂದನ್ನು ಸಿಕ್ಕಿಸುತ್ತಾಳೆ, ಈಗ ಫೋನಿನೊಳಗೆ ಪಕ್ಕದ ಮನೆಯ ಗೋಡೆ ನೆಟ್ಟಗೆ, ಕೋಳಿಯೂ ನೆಟ್ಟಗೆ — ಆ ಮನೆಯ ಖುರ್ಷಿದ ಮಾತ್ರ ಇನ್ನೂ ಹೊರಗೆ ಬಂದಿಲ್ಲ. ಬರ್ತೇನಿ ಅಂದಾಳ, ಬರ್ತಾಳ, ವಿಧವೆ ಮನೆಯೊಳಗೇ ಕಳೆಯುವ ಇದ್ದತ್ತಿನ ದಿನಗಳು ಮುಗಿದು ವಾರವಾಯಿತು, ಗಂಡ ಏಜಾಜಣ್ಣ ತೀರಿಕೊಂಡ ಮೇಲೆ ಅವಳು ಬೈದದ್ದೇ ಇಲ್ಲ, ಯಾರನ್ನೂ, ಕೋಳಿಯನ್ನು ಸುದ್ದಾ, ವಿಡಿಯೊ ಹಾಳಾಗಿ ಹೋಗಲಿ, ಒಮ್ಮೆ ಹಳೆಯ ಖುರ್ಷಿದಳ ಹಾಗೆ ಬೈದರೆ ಸಾಕು. ಇಬ್ಬರ ಸುಳ್ಳು ಜಗಳದ ವಿಡಿಯೊಗಳಲ್ಲಿ ಮೊದಲನೆಯದು ಇದೇ ಗೋಡೆಯ ಎರಡೂ ಕಡೆ ನಿಂತು, ನಿನ್ನ ಕೋಳಿ ನನ್ನ ಜ್ವಾಳ ತಿಂತು ಬೇ, ನಿನ್ನ ಜ್ವಾಳ ತಿಂದು ನನ್ನ ಕೋಳಿ ಜಡ್ಡಿಗೆ ಬಿತ್ತು ಬೇ, ಔಷಧ ಯಾರು ತರ್ತಾರ — ಬರೆದುಕೊಂಡದ್ದೇನೂ ಇಲ್ಲ, ಬಾಯಿಗೆ ಬಂದದ್ದು, ಅದನ್ನು ನಿಜವೆಂದೇ ನಂಬಿದ ಗುರಮ್ಮನ ಸೋದರಮಾವ ಜೇವರ್ಗಿಯಿಂದ ಬಸ್ಸು ಹತ್ತಿ ರಾಜಿ ಮಾಡಿಸಲು ಮಣ್ಣೂರಿಗೆ ಬಂದಿದ್ದ, ನೋಡಿದರೆ ಇಬ್ಬರೂ ಒಂದೇ ಮೊರದ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಾರೆ, ಮಾವಾರ, ಮೊದಲ ಚಹಾ ಕುಡೀರಿ ಅಂದಳು ಖುರ್ಷಿದ, ರಾಜಿ ಆಮ್ಯಾಲ ಆಗೂಣಂತ. ಫೋನು ಹಿಡಿಯುತ್ತಿದ್ದದ್ದು ಏಜಾಜಣ್ಣ, ನಗು ತಡೆಯಲು ಟವೆಲ್ಲು ಕಚ್ಚಿಕೊಂಡು, ಆದರೂ ಹೆಂಡತಿ ಕೈ ಬೀಸಿ ಶುರುವಿಟ್ಟುಕೊಂಡ ಕೂಡಲೇ ಹೊಟ್ಟೆ ಕುಣಿಯುತ್ತಿತ್ತು, ಫೋನು ಕುಣಿಯುತ್ತಿತ್ತು, ಫೋನಿನೊಳಗಿನ ಗೋಡೆ ಮೇಲೆ ಕೆಳಗೆ, ಕೈ ಗಟ್ಟಿ ಹಿಡೀರಿ ಎಂದು ನೋಡಿದವರು ಬರೆಯುತ್ತಿದ್ದರು, ಆಳಂದದ ಯಾರೋ ಒಬ್ಬರು, ನಿಮ್ಮೂರಾಗ ಭೂಕಂಪ ಆಗಾಕತ್ತದೇನ್ರಿ. ಈಗ ಹಿಡಿಯುವವರಿಲ್ಲವೆಂದೇ ಈ ಸ್ಟ್ಯಾಂಡು ತರಿಸಿದ್ದು, ತಪ್ಪಾಯಿತೇನೋ — ಬಾಗಿಲ ಸಪ್ಪಳ, ಬಂದಳು, ತಲೆಯ ಮೇಲೆ ಸೆರಗು, ಬಳೆಯಿಲ್ಲದ ಕೈ, ಶುರು ಮಾಡು ಗುರವ್ವ. ಗುರಮ್ಮ ಒದರುತ್ತಾಳೆ, ನಿನ್ನ ಕೋಳಿ ನನ್ನ ಜ್ವಾಳ ತಿಂತು ಬೇ. ಖುರ್ಷಿದ ಫೋನನ್ನೇ ನೋಡುತ್ತಾಳೆ, ಮಿಸುಕದೆ ನಿಂತ ಫೋನನ್ನು, ಆಗೂದಿಲ್ಲ ಗುರವ್ವ, ಅದು ನಗಂಗಿಲ್ಲ. ಗುರಮ್ಮ ಸ್ಟ್ಯಾಂಡಿನಿಂದ ಫೋನನ್ನು ಕಿತ್ತು ಕೈಯಲ್ಲಿ ಹಿಡಿಯುತ್ತಾಳೆ, ನಾ ಅದರಾಗ ಕಾಣೋದು ಬ್ಯಾಡ, ಇಲ್ಲಿಂದಾನ ಒದರ್ತೇನಿ, ನೀ ಜವಾಬು ಕೊಡು. ಕೋಳಿ ಕೆದಕುತ್ತದೆ, ಗಾಳಿಗೆ ಹೊಟ್ಟು ಹಾರುತ್ತದೆ, ಖುರ್ಷಿದ ಬಾಗಿಲ ಕಡೆ ತಿರುಗುತ್ತಾಳೆ, ಹೋದಳು, ಹೋಗೇ ಬಿಟ್ಟಳು — ಇಲ್ಲ, ನಿಂತಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಏ ಗುರವ್ವ, ಮೂರು ಕಾಲಿನ ದನ ತಂದು ಅಂಗಳದಾಗ ಕಟ್ಟೀದಿ, ಹಾಲು ಹಿಂಡ್ತಿ ಏನ ಬೇ, ಮೊದಲ ಅದಕ್ಕ ಮೇವು ಹಾಕು, ಅದರ ಹೊಟ್ಟಿ ಎಲ್ಲಿ ಅದ ನೋಡು — ಗುರಮ್ಮ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿದ್ದಾಳೆ, ಸೆರಗಿನ ತುದಿ ಹಲ್ಲಿನಲ್ಲಿದೆ, ಆದರೂ ಗೋಡೆ ಮೇಲೆ ಕೆಳಗೆ, ಬಳೆಯಿಲ್ಲದ ಆ ಕೈ, ಮೇಲೆ ಕೆಳಗೆ, ಮೇಲೆ ಕೆಳಗೆ —