ಗಾಳಿ ನುಸುಳದ ಮನೆ

ಮೊದಲೆಲ್ಲ ನಾನು ಅಡುಗೆಮನೆ ತೋರಿಸಿ ಮನೆ ಮಾರುತ್ತಿದ್ದೆ. ಕರೆಂಟು ಉಳಿಸುವ ಮನೆಗೆ ಐದು ಎಲೆಯ ಗುರುತು, ಐದು ಎಲೆಯಿದ್ದರೆ ಕೊಳ್ಳುವವರಿಗೆ ಸಹಾಯಧನ ಎಂದು ಸರ್ಕಾರ ಸಾರಿದ್ದೇ ಸಾರಿದ್ದು, ಅಡುಗೆಮನೆಯನ್ನು ಕೇಳುವವರೇ ಇಲ್ಲವಾದರು. ಬಂದವರೆಲ್ಲ "ಎಷ್ಟು ಎಲೆ?" ಎನ್ನುವವರೇ. ಸಂದಿಯಲ್ಲಿ ಗಾಳಿ ಸೋರಿದರೆ ಎಲೆ ಕಡಿಮೆ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ನಮ್ಮ ಕಂಪನಿಯ ಯಜಮಾನರು ನಿಸ್ಸೀಮರು. ಅವರು ಕಟ್ಟಿಸಿದ ಮನೆಯೊಳಕ್ಕೆ ಮಾತ್ರ ಗಾಳಿ ಸುಳಿಯಕೂಡದು.

ಅವರ ಹೊಸ ಬಡಾವಣೆಯಲ್ಲಿ ನಾನು ಮೊದಲು ಮನೆ ಮಾರಿದ್ದು ನನ್ನ ತಂಗಿಗೇ. ತಲೆ ತಿಂದು ಕೊಳ್ಳಿಸಿದ್ದೆ.

ಅವತ್ತು ಅಲ್ಲಿನ ಮಾದರಿ ಮನೆಯಲ್ಲಿ ಗಿರಾಕಿಗಳು ತುಂಬಿದ್ದರು. ಯಜಮಾನರು ಕಿವಿಯ ಹತ್ತಿರ ಬಂದು, "ಮೇಡಂ, ಇವತ್ತು ದಿಢೀರ್ ಚೆಕಿಂಗ್ ಅಂತೆ. ಗಾಳಿ ಸೋರಿದ್ರೆ ಎಲೆ ಕಿತ್ಕೊಳ್ತಾರೆ, ಸಹಾಯಧನಾನೂ ವಾಪಸ್ ಕಟ್ಟಬೇಕು. ವಾಸ ಇರೋರಿಗೆಲ್ಲ ಸಂದಿಗೊಂದಿ ಮುಚ್ಕೊಳ್ಳಿ ಅಂತ ಮೆಸೇಜ್ ಹಾಕಿ" ಎಂದರು. ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ತಂಗಿಗೆ ಫೋನೂ ಮಾಡಿದೆ.

"ಮುಚ್ಚಾಯ್ತು ಕಣೇ ಅಕ್ಕ! ನಿನ್ ಮೆಸೇಜ್ ಬಂದಿದ್ದೇ ತಡ, ಟೇಪ್ ಹಿಡ್ಕೊಂಡು ಕೂತೆ. ಬಾತ್‌ರೂಮಿನ ಗಾಳಿ ಹೋಗೋ ಜಾಲರಿನೂ ಬಿಟ್ಟಿಲ್ಲ. ಈಗ ಪುಟ್ಟಿಗೆ ತಲೆಗೆ ನೀರು ಹಾಕ್ತಿದೀನಿ."

"ಜಾಲರಿನಾ? ಅದನ್ಯಾಕೆ ಮುಚ್ಚಿದ್ಯೇ? ನೀರು ಯಾವುದ್ರಲ್ಲಿ ಕಾಯಿಸಿದೆ?"

"ಹಳೇ ಗ್ಯಾಸ್ ಗೀಸರ್‌ನಲ್ಲೇ. ನಿನ್ ಸೋಲಾರು ಮೋಡ ಕಂಡ್ರೆ ಮುನಿಸ್ಕೊಂಡು ಕೂತ್ಕೊಳ್ಳುತ್ತೆ. ಅಯ್ಯೋ, ಯಾಕೋ ತಲೆ ಸುತ್ತುತ್ತೆ ಕಣೇ…"

ಏನೋ ದಬ್ಬೆಂದು ಬಿತ್ತು. ಆಮೇಲೆ ನೀರು ಸುರಿಯುವ ಸದ್ದು ಮಾತ್ರ. ಕೂಗಿದೆ, ಮತ್ತೆ ಕೂಗಿದೆ. ಗೀಸರಿನ ವಿಷಗಾಳಿ ಒಳಗೇ ತುಂಬಿದೆ ಎಂದು ಹೊಳೆದು ಬಾಗಿಲ ಕಡೆ ನುಗ್ಗಿದೆ.

"ಎಲ್ಲಿಗೆ ಹೊರಟ್ರಿ? ಗಿರಾಕಿಗಳು ಕಾಯ್ತಿದಾರೆ!" ಎಂದು ಯಜಮಾನರು ಅಡ್ಡ ಬಂದರು.

"ನಿಮ್ಮ ಗಿರಾಕಿಗಳ ಮನೆ ಹಾಳಾಗ!" ಎಂದು ಅವರನ್ನು ತಳ್ಳಿಕೊಂಡೇ ತಂಗಿಯ ಮನೆಗೆ ಓಡಿದೆ.

ಬಾಗಿಲು ಭದ್ರವಾಗಿತ್ತು. ಬೆಲ್ ಒತ್ತಿದೆ, ಬಡಿದೆ, ಗಂಟಲು ಹರಿಯುವಂತೆ ಕಿರುಚಿದೆ. ಹೊರಗಿನ ಒಂದು ಪಿಸುಮಾತೂ ಒಳಗೆ ಕೇಳಿಸದು ಎಂದು ದಿನಾ ಹಲ್ಲು ಕಿರಿದು ಹೇಳುತ್ತಿದ್ದವಳು ನಾನೇ. ಕಲ್ಲು ತಗೊಂಡು ಕಿಟಕಿಗೆ ಹೊಡೆದೆ. ಮೂರು ಪದರದ ಗಾಜು. ಹೊರಗಿನದು ಬಿರಿಯಿತು, ಒಳಗಿನವು ಜಪ್ಪಯ್ಯ ಅನ್ನಲಿಲ್ಲ. ಅಂಗೈಯಿಂದ ರಕ್ತ ಇಳಿಯುತ್ತಿತ್ತು. ನನ್ನ ಹಿಂದೆಯೇ ಓಡಿಬಂದಿದ್ದ ದಢೂತಿ ಗಿರಾಕಿಯೊಬ್ಬರು ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ಹಾರೆ ತಂದು, "ಸರಿಯಮ್ಮ ಆಚೆ" ಎಂದವರೇ ಬೀಗದ ಸಂದಿಗೆ ಕೊಟ್ಟು ಮೀಟಿದರು. ಬೀಗ ಕಿತ್ತು ಬಾಗಿಲು ತೆರೆದುಕೊಂಡಿತು.

ಬಾತ್‌ರೂಮಿನಲ್ಲಿ ತಂಗಿ ಗೋಡೆಗೊರಗಿ ಕುಸಿದಿದ್ದಳು. ಮಗು ಅವಳ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ನಾನು ಗ್ಯಾಸ್ ಆರಿಸಿ ಮಗುವನ್ನು ಎತ್ತಿಕೊಂಡೆ. ಆ ಗಿರಾಕಿ ತಂಗಿಯನ್ನು ಎಳೆದು ತಂದರು. ಹೊರಗೆ ಮೆಟ್ಟಿಲ ಮೇಲೆ ಮಲಗಿಸಿದೆವು. ಯಾರೋ ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಿದ್ದರು.

"ಪುಟ್ಟೀ, ಕಣ್ಬಿಡೇ ನನ್ನ ಬಂಗಾರ. ದೊಡ್ಡಮ್ಮ ಬಂದಿದೀನಿ ನೋಡು." ಕೆನ್ನೆ ತಟ್ಟಿದೆ, ಅಂಗಾಲು ತಿಕ್ಕಿದೆ. ಮಗು ಮಿಸುಕಲಿಲ್ಲ. ಜನ್ಮದಲ್ಲಿ ನಾನು ಅಷ್ಟು ಹೆದರಿಲ್ಲ. ಆಮೇಲೆ ಒಂದು ಕೆಮ್ಮು, ಇನ್ನೊಂದು. ಕೊನೆಗೆ ಬೀದಿಯೆಲ್ಲ ಕೇಳುವಂತೆ ಅತ್ತಿತು.

ಆ ಅಳುವಿಗೆ ತಂಗಿ ಕಣ್ಣು ಬಿಟ್ಟಳು. ಮಗುವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಹಾರೆ ಮೀಟಿದ ಬಾಗಿಲು ಹಾರು ಹೊಡೆದಿದ್ದನ್ನು ನೋಡಿ ಏಳಲು ಹೋದಳು. ಏಳಲಾಗದೆ ನನ್ನ ಸೆರಗು ಹಿಡಿದು ಎಳೆದಳು.

"ಅಕ್ಕಾ… ಬೇಗ ಬಾಗಿಲು ಹಾಕೇ… ಚೆಕಿಂಗ್‌ನೋರು ಬಂದ್ಬಿಡ್ತಾರೆ."