ಎಂಟು ತಾಸಿನ ನಿದ್ದೆ

ಸಿದ್ದಲಿಂಗೇಶನ ದಿನ ಈಗ ಚಹಾದಿಂದಲ್ಲ, ಹೆಂಡತಿಯ ನಿದ್ದೆಯಿಂದ ಶುರುವಾಗುತ್ತಿತ್ತು. ಬಸುರಿ ದಾನೇಶ್ವರಿಗೆ ನಿದ್ದೆ ಅಳೆಯುವ ವಾಚು ಕೊಡಿಸಿದ್ದ. ಎದ್ದ ಕೂಡಲೇ ಮೊಬೈಲಿನಲ್ಲಿ ಅದರ ಲೆಕ್ಕ ನೋಡಿ, ತಾವರಗೇರಾದ ತನ್ನ ಗೊಬ್ಬರದ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

"ಎಂಟು ತಾಸು ನೋಡ್ರಿ! ನಮ್ಮ ಮನ್ಯಾಗ ಬಸುರಿಗಿ ಅಷ್ಟು ಆರಾಮ ಐತಿ."

ಏಳನೇ ತಿಂಗಳ ತಪಾಸಣೆಯಲ್ಲಿ ನರ್ಸ್ ಮುಬಾಶಿರಾ ಎರಡೆರಡು ಸಲ ಬಿಪಿ ನೋಡಿದರು.

"ಭಾಳ ಏರೈತಿ. ಕಾಲೂ ಬಾತಾವು. ಹಿಂಗಾದ್ರ ತಾಯಿ-ಕೂಸಿನ ಜೀವಕ್ಕ ಧೋಕಾ ಐತಿ. ನಿದ್ದಿ ಆಗ್ತೈತೇನವಾ?"

ದಾನೇಶ್ವರಿ ಬಾಯಿ ತೆರೆಯುವ ಮೊದಲೇ ಸಿದ್ದಲಿಂಗೇಶ ಮೊಬೈಲು ಮುಂದೆ ಹಿಡಿದ. "ಎಂಟು ತಾಸು ರೀ ಸಿಸ್ಟರ್. ನಡುವ ಒಮ್ಮೀನೂ ಎದ್ದಿಲ್ಲ."

"ಏಳು ತಿಂಗಳ ಬಸುರಿ, ಕಾಲ್ಮಡಿಯಾಕೂ ಎದ್ದಿಲ್ಲ? ನಾನೂ ಮೂರು ಹಡದೀನ್ರಿ. ಇದು ಬಸುರಿ ನಿದ್ದಿ ಅಲ್ಲ. ಯಾರದಿದು?"

ದಾನೇಶ್ವರಿ ತಲೆ ತಗ್ಗಿಸಿದಳು. "ಲಲಿತಾಂದು ರೀ."

ಲಲಿತಾ ಅವನ ತಂಗಿ. ಕಾಲೇಜಿಗೆ ಹೋಗುವ ಹುಡುಗಿ; ಮಲಗಿದರೆ ಮನೆ ಬಿದ್ದರೂ ಏಳುವವಳಲ್ಲ.

ಸಿದ್ದಲಿಂಗೇಶನಿಗೆ ಸಿಡಿಲು ಬಡಿದಂತಾಯಿತು. "ವಾಚು ಆಕಿ ಕೈಗೆ ಯಾಕ ಕಟ್ಟಿದಿ?"

"ಮೊದಲ ವಾರ ನಾಲ್ಕು ತಾಸು ತೋರಿಸ್ತು. ಮೊಬೈಲ್ ನೋಡ್ಕೋತ ಕುಂದರ್ತಿ ಅಂತ ಬೈದ್ರಿ. ಆವತ್ತಿನಿಂದ ರಾತ್ರಿ ಆಕಿಗೆ ಕಟ್ತೀನಿ. ಎಲ್ಲಾರ ಊಟ ಆದಮ್ಯಾಲೆ ಭಾಂಡೆ ತಿಕ್ಕಬೇಕು, ನಾಲ್ಕಕ್ಕ ಎದ್ದು ಹೊಲದ ಆಳಿನ ಬುತ್ತಿಗಿ ರೊಟ್ಟಿ ಬಡೀಬೇಕು. ನಿದ್ದಿ ಎಲ್ಲಿಂದ ತರ್ಲಿ?"

ಅವನು ಮೊಬೈಲು ಕಿಸೆಗಿಟ್ಟ. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ದಿನವೂ ಕಿವಿಗೆ ಬಿದ್ದಿತ್ತು; ಮಗ್ಗಲು ಬದಲಿಸಿ ಮಲಗಿದ್ದ. ಕಿವಿ ಕೇಳಿದ್ದನ್ನು ಬಿಟ್ಟು ಮೊಬೈಲು ಹೇಳಿದ್ದನ್ನು ನಂಬಿದ ಜಾಣ! ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಡಾಕ್ಟರು ಗುಳಿಗಿ ಕೊಡ್ತಾರ," ಎಂದರು ಮುಬಾಶಿರಾ. "ರೊಟ್ಟಿ ಬಡಿಯೂದು ಬಿಡಿಸಾಕ ನಮ್ಮ ಕಡೆ ಗುಳಿಗಿ ಇಲ್ರಿ."

ಮನೆಯಲ್ಲಿ ಸಂಗತಿ ಕೇಳಿ ತಾಯಿ ಶಿವಬಸಮ್ಮ ಸಿಡುಕಿದಳು. "ನಾವೇನು ಬಸುರಾಗಿಲ್ಲೇನು? ಹಡಿಯೂ ದಿನಾನೂ ರೊಟ್ಟಿ ಬಡದೀನಿ."

"ಹೌದು ಬೇ. ಆ ಮೊದಲ ಕೂಸು ಉಳೀತೇನು?"

ಕೇಳಿದವನೇ ನಾಲಿಗೆ ಕಚ್ಚಿಕೊಂಡ. ಶಿವಬಸಮ್ಮ ಅವನನ್ನೇ ದಿಟ್ಟಿಸಿದಳು. ಆಕೆಯ ಕಣ್ಣು ತುಂಬಿ ಬಂದವು. ಆಮೇಲೆ ಹೋಗಿ, ಸೊಸೆ ಮಲಗಲೆಂದು ಅವಳ ಕೋಣೆಯ ಬಾಗಿಲು ಮುಂದೆಳೆದಳು.

ಮರುದಿನ ನಸುಕಿನಲ್ಲಿ ಶಿವಬಸಮ್ಮ ರೊಟ್ಟಿ ಬಡಿದಳು. ಸಿದ್ದಲಿಂಗೇಶ ಹಂಚಿನ ಮುಂದೆ ಕುಳಿತು ಬೆರಳು ಸುಟ್ಟುಕೊಳ್ಳುತ್ತ ಬೇಯಿಸಿದ. ಬೆಳಕು ಹರಿದ ಮೇಲೆ ಮೊಬೈಲು ನೋಡಿದ. ದಾನೇಶ್ವರಿ ಮೂರು ಸಲ ಎದ್ದಿದ್ದಳು, ಮತ್ತೆ ಮಲಗಿದ್ದಳು. ಇನ್ನೂ ಮಲಗೇ ಇದ್ದಳು.

ಆ ಲೆಕ್ಕವನ್ನು ಅವನು ಅಂಗಡಿಯಲ್ಲಿ ಯಾರಿಗೂ ತೋರಿಸಲಿಲ್ಲ.